ಸೆಕೆಂಡ್ ಹ್ಯಾಂಡ್ ಫೋಕ್ಸ್‌ವ್ಯಾಗನ್ ಪೋಲೋ ಜಿಟಿ ಟಿಎಸ್‌ಐ: ಹಳೇ 1.2 ಲೀಟರ್ ಎಂಜಿನ್ ಕಾರು ತಗೊಳ್ಳಲಾ, 2020ರ ನಂತರದ 1.0 ಲೀಟರಿಂದು ತಗೊಳ್ಳಲಾ?

ಬೆಳಗಾವಿ ಊರೊಳಗೆ ದಿನಾ ಓಡಿಸ್ತೀರಿ, ಆಗಾಗ ಚೋರ್ಲಾ ಘಾಟಿ ಇಳಿದು ಗೋವಾಕ್ಕೆ ಹೋಗ್ತೀರಿ ಅಂದ್ರಲ್ವಾ? ಹಾಗಾದ್ರೆ 1.0 ತಗೊಳ್ಳಿ.

ಹಳೇದು ನಾಲ್ಕು ಸಿಲಿಂಡರ್, 105 ಪಿಎಸ್ ಶಕ್ತಿ, ಎರಡು ಕ್ಲಚ್ಚಿನ ಏಳು ಗೇರಿನ ಆಟೋಮ್ಯಾಟಿಕ್ ಡಿಎಸ್‌ಜಿ. ಹೊಸದು ಮೂರು ಸಿಲಿಂಡರ್, 110 ಪಿಎಸ್, ಆರು ಗೇರಿನ ಟಾರ್ಕ್ ಕನ್ವರ್ಟರ್, ಅಂದ್ರೆ ಎಣ್ಣೆಯ ಮೂಲಕ ಶಕ್ತಿ ದಾಟಿಸೋ ಆಟೋಮ್ಯಾಟಿಕ್. ಟಾರ್ಕ್ (ಎಳೆಯೋ ಬಲ) ಎರಡಕ್ಕೂ 175 ಎನ್‌ಎಂ. ಎಂಜಿನ್ ನಯ, ಗೇರ್ ಬೀಳೋ ಚುರುಕು ಎರಡೂ ಹಳೇದರಲ್ಲೇ ಜಾಸ್ತಿ, ಸುಳ್ಳು ಯಾಕೆ ಹೇಳಲಿ. ಆದ್ರೆ ಅದರದ್ದು ಡ್ರೈ ಕ್ಲಚ್, ಎಣ್ಣೆಯಲ್ಲಿ ಮುಳುಗಿರಲ್ಲ, ಖಡೇಬಜಾರಿನ ಗದ್ದಲದಲ್ಲಿ ನಿಂತು ನಿಂತು ತೆವಳಿದ್ರೆ ಬೇಗ ಕಾದು ಸವೆಯುತ್ತೆ. ಗೇರ್ ಬದಲಿಸೋ ಎಲೆಕ್ಟ್ರಾನಿಕ್ ಘಟಕ ಮೆಕಾಟ್ರಾನಿಕ್ಸ್ ಕೈಕೊಟ್ರೆ ಬಿಲ್ಲು ಲಕ್ಷ ದಾಟಬಹುದು.

ಮನಸ್ಸು ಹಳೇದರ ಮೇಲೇ ಇದ್ರೆ, ಸುಮ್ನೆ ಬೋನೆಟ್ ಎತ್ತಿ ನೋಡಿ ಬರಬೇಡಿ. ಅರ್ಧ ಗಂಟೆ ಓಡಿಸಿ, ಗಾಡಿ ಬಿಸಿಯಾದ ಮೇಲೆ ಬ್ರೇಕ್ ಮೆಲ್ಲಗೆ ಬಿಟ್ಟು ಆಕ್ಸಿಲರೇಟರ್ ಮುಟ್ಟದೆ ಮುಂದೆ ಬಿಡಿ. ಒಂದರಿಂದ ಎರಡನೇ ಗೇರಿಗೆ ಹೋಗುವಾಗ ಗಡಗಡ ನಡುಗಿದ್ರೆ, ರಿವರ್ಸ್ ಬೀಳೋಕೆ ತಡವಾದ್ರೆ, ಕೈಮುಗಿದು ವಾಪಸ್ ಬನ್ನಿ.

ಇನ್ನೊಂದು, ಕೊಲ್ಲಾಪುರದ ಗಾಡಿ ಅಗ್ಗ ಅಂತ ಹಿಗ್ಗಬೇಡಿ. ಅಲ್ಲಿನ ಆರ್‌ಟಿಒದಿಂದ ಎನ್‌ಒಸಿ (ನಿರಾಕ್ಷೇಪಣಾ ಪತ್ರ) ತಂದು ಇಲ್ಲಿ ಮತ್ತೆ ರೋಡ್ ಟ್ಯಾಕ್ಸ್ ಕಟ್ಟಬೇಕು.