ವೀಸಾ ಬರುವ ಮೊದಲೇ ಬಾಡಿಗೆ ಕರಾರಿಗೆ ಸಹಿಯೇ?

ಪ್ರಶ್ನೆ: ನಾನು ಮೂಡಿಗೆರೆ ತಾಲ್ಲೂಕಿನವಳು. ಆಗಸ್ಟಿನಲ್ಲಿ ಎಂ.ಎಸ್. ಓದಲು ಅಮೆರಿಕಕ್ಕೆ ಹೋಗಬೇಕು. ವೀಸಾ ಸಂದರ್ಶನ ಇನ್ನೂ ಆಗಿಲ್ಲ. ವಿಶ್ವವಿದ್ಯಾಲಯದವರು ತಮ್ಮದೇ ಅಪಾರ್ಟ್‌ಮೆಂಟಿನಲ್ಲಿ ಒಂದು ರೂಮು ಕೊಡುತ್ತೇವೆ ಎಂದು ಮೇಲ್ ಕಳಿಸಿದ್ದಾರೆ. ಕರೆಂಟು, ನೀರು, ಇಂಟರ್ನೆಟ್ ಎಲ್ಲ ಸೇರಿ ತಿಂಗಳಿಗೆ 780 ಡಾಲರ್, ಹತ್ತು ತಿಂಗಳ ಕರಾರು. ಅಷ್ಟರಲ್ಲಿ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಪರಿಚಯವಾದ ಮೂವರು ಹುಡುಗಿಯರು ಹೊರಗೆ ನಾಲ್ಕು ರೂಮಿನ ಮನೆ ನೋಡಿದ್ದಾರೆ, ತಲೆಗೆ 560. ಭಾನುವಾರದೊಳಗೆ ಸಹಿ ಹಾಕು, ಜಾಮೀನಿಗೆ ನ್ಯೂಜೆರ್ಸಿಯಲ್ಲಿರುವ ನಿನ್ನ ದೊಡ್ಡಪ್ಪನ ಮಗನನ್ನು ಕೇಳು ಅಂತಿದ್ದಾರೆ. ಅಪ್ಪ ತೋಟ ಅಡ ಇಟ್ಟು ಸಾಲ ತೆಗೆದಿದ್ದಾರೆ. ಆದರೂ ‘ಖರ್ಚಾದರೆ ಆಗಲಿ, ಕಾಲೇಜಿನ ಮನೆಯಲ್ಲೇ ಇರು’ ಅನ್ನುತ್ತಾರೆ. ತಿಂಗಳಿಗೆ 220 ಡಾಲರ್ ಜಾಸ್ತಿ ಅವರಿಂದ ಕೊಡಿಸಲು ನನಗೆ ಮನಸ್ಸು ಬರುತ್ತಿಲ್ಲ. ಏನು ಮಾಡಲಿ?
– ಹೆಸರು ಬೇಡ, ಮೂಡಿಗೆರೆ ತಾಲ್ಲೂಕು

ಉತ್ತರ: ಭಾನುವಾರ ಸಹಿ ಹಾಕಬೇಡಿ. ಮನೆ ಕೆಟ್ಟದ್ದು ಅಂತಲ್ಲ. ನಿಮ್ಮ ಕೈಗೆ ವೀಸಾ ಬಂದಿಲ್ಲ, ಆ ಮೂವರಲ್ಲಿ ಎಷ್ಟು ಜನರ ಕೈಗೆ ಬಂದಿದೆಯೋ ನೀವು ಬರೆದಿಲ್ಲ.

ಅವರು ಕಳಿಸಿದ ಕರಾರಿನ ಪಿಡಿಎಫ್ ತೆರೆದು ‘ಜಾಯಿಂಟ್ ಅಂಡ್ ಸೆವರಲ್’ ಎಂಬ ಮಾತು ಹುಡುಕಿ. ನಾಲ್ವರೂ ಒಂದೇ ಕರಾರಿಗೆ ಸಹಿ ಹಾಕುವ ಮನೆಗಳಲ್ಲಿ ಇದು ಸಾಮಾನ್ಯವಾಗಿ ಇದ್ದೇ ಇರುತ್ತದೆ. ಇದರ ಅರ್ಥ, 560 ಡಾಲರ್ ನೀವು ನೀವೇ ಹಂಚಿಕೊಂಡ ಲೆಕ್ಕ ಅಷ್ಟೆ. ಮಾಲೀಕನಿಗೆ ಬರಬೇಕಾದದ್ದು 2,240, ಅದನ್ನು ನಾಲ್ವರಲ್ಲಿ ಯಾರನ್ನು ಬೇಕಾದರೂ ಪೂರ್ತಿ ಕೇಳಬಹುದು. ಒಬ್ಬಳಿಗೆ ವೀಸಾ ಸಿಗದಿದ್ದರೆ, ಅಥವಾ ಡಿಸೆಂಬರಿನಲ್ಲಿ ಜಗಳವಾಡಿ ಹೊರಟುಹೋದರೆ, ಉಳಿದ ಮೂವರ ತಲೆಗೆ 747 ಡಾಲರ್ ಬೀಳುತ್ತದೆ. ವಿಶ್ವವಿದ್ಯಾಲಯದ 780ಕ್ಕೂ ಇದಕ್ಕೂ ಆಗ ಏನು ವ್ಯತ್ಯಾಸ ಉಳಿಯಿತು? ಅಲ್ಲಿ ಪಕ್ಕದ ರೂಮು ಖಾಲಿ ಬಿದ್ದರೂ ನಿಮ್ಮ ಬಿಲ್ ಸಾಮಾನ್ಯವಾಗಿ ನಿಮ್ಮ ರೂಮಿನದ್ದು ಮಾತ್ರ.

ಅಪ್ಪನಿಗೆ ಒಂದು ಮಾತು ಬಿಡಿಸಿ ಹೇಳಿ. ನಮ್ಮ ಕಡೆ ‘ಲೀಸ್’ ಅಂದರೆ ಭೋಗ್ಯ, ಇಡುಗಂಟು ಕೊಟ್ಟರೆ ಬಾಡಿಗೆ ಇಲ್ಲ. ಅಮೆರಿಕದ ಲೀಸ್ ಅದಲ್ಲ. ನಮ್ಮ ಹನ್ನೊಂದು ತಿಂಗಳ ಕರಾರಿನ ಹಾಗೆ ಒಂದೆರಡು ತಿಂಗಳು ಮುಂಚೆ ಹೇಳಿ ಖಾಲಿ ಮಾಡುವುದೂ ನಡೆಯುವುದಿಲ್ಲ. ಹನ್ನೆರಡು ತಿಂಗಳಿಗೆ ಸಹಿ ಹಾಕಿದರೆ ಸಾಮಾನ್ಯವಾಗಿ ಹನ್ನೆರಡು ತಿಂಗಳ ಬಾಡಿಗೆಗೂ ನೀವೇ ಹೊಣೆ. ಮಧ್ಯೆ ಬಿಡಬೇಕಾದರೆ ಹೆಚ್ಚಾಗಿ ನಿಮ್ಮ ಜಾಗಕ್ಕೆ ಇನ್ನೊಬ್ಬರನ್ನು ತಂದು ಕೂರಿಸಬೇಕು, ಅದಕ್ಕೂ ಮಾಲೀಕನ ಒಪ್ಪಿಗೆ ಬೇಕಾಗುತ್ತದೆ.

ಇನ್ನು ಆ 220 ಡಾಲರ್. ತಿಂಗಳ ಅಂಕಿ ಪಕ್ಕಕ್ಕಿಟ್ಟು ಇಡೀ ಕರಾರಿನ ಲೆಕ್ಕ ಹಾಕಿ. ವಿಶ್ವವಿದ್ಯಾಲಯದ್ದು ಹತ್ತು ತಿಂಗಳಿಗೆ 7,800. ಹೊರಗಿನದ್ದು ಹನ್ನೆರಡು ತಿಂಗಳ ಕರಾರು ಎಂದು ಹಿಡಿದರೆ 6,720. ಕರೆಂಟು, ಹೀಟಿಂಗ್, ಇಂಟರ್ನೆಟ್ಟಿನಲ್ಲಿ ನಿಮ್ಮ ಪಾಲು ತಿಂಗಳಿಗೆ 70 ಎಂದು ಹಿಡಿದರೆ ಇನ್ನೊಂದು 840. ಬಾಡಿಗೆದಾರರ ವಿಮೆ ಕಡ್ಡಾಯವಿದ್ದರೆ ತಿಂಗಳಿಗೆ 12ರಂತೆ 144. ಖಾಲಿ ಮನೆಯಾದರೆ ಹಾಸಿಗೆ, ಮೇಜು, ಕುರ್ಚಿ, ದೀಪಕ್ಕೆ 350. ಅರ್ಜಿ ಶುಲ್ಕ 50. ಒಟ್ಟು 8,104. ಒಂದು ತಿಂಗಳ ಬಾಡಿಗೆಯಷ್ಟು ಡಿಪಾಸಿಟ್ ಬೇರೆ. ಬಾಡಿಗೆ ಬಿಟ್ಟು ಉಳಿದವು ನನ್ನ ಅಂದಾಜು, ನಿಮ್ಮ ಊರಿನ ದರ ಹಾಕಿ ತಿದ್ದಿಕೊಳ್ಳಿ. ಹೀಟಿಂಗ್ ಗ್ಯಾಸಿನದ್ದೋ ಕರೆಂಟಿನದ್ದೋ ಎಂಬುದನ್ನು ಮಾತ್ರ ಕೇಳದೆ ಬಿಡಬೇಡಿ. ಚಳಿ ಊರಿನಲ್ಲಿ ಕರೆಂಟ್ ಹೀಟರ್ ಇದ್ದರೆ ಜನವರಿಯ ಬಿಲ್ ಮೈ ನಡುಗಿಸುತ್ತದೆ. ನಮ್ಮ ಚಿಕ್ಕಮಗಳೂರಿನ ಹಾಗೆ ಎರಡು ಕಂಬಳಿ ಹೊದ್ದು ಕಳೆಯುವ ಚಳಿ ಅಲ್ಲ ಅದು.

ಆದರೆ ಈ ಲೆಕ್ಕ ಜೂನ್, ಜುಲೈನಲ್ಲಿ ತಿರುಗುತ್ತದೆ. ಬೇಸಿಗೆಗೂ ಅದೇ ಊರಲ್ಲಿ ಇರುವುದಾದರೆ ವಿಶ್ವವಿದ್ಯಾಲಯಕ್ಕೆ ಇನ್ನೂ 1,560 ಸೇರಿ 9,360 ಆಗುತ್ತದೆ, ಆಗ ಹೊರಗಿನ ಮನೆಯೇ 1,256 ಡಾಲರ್ ಅಗ್ಗ. ಇಂಟರ್ನ್‌ಶಿಪ್ ಸಿಕ್ಕಿ ಬೇರೆ ಊರಿಗೆ ಹೋದರೆ ಮಾತ್ರ ಹತ್ತು ತಿಂಗಳ ಕರಾರು ಲಾಭ. ಇದನ್ನು ಅಪ್ಪನಿಂದ ಮುಚ್ಚಿಡಬೇಕಾಗಿಲ್ಲ.

ದೊಡ್ಡಪ್ಪನ ಮಗನ ವಿಷಯ. ಹೊಸದಾಗಿ ಹೋದವರಿಗೆ ಅಲ್ಲಿನ ಸರ್ಕಾರ ಕೊಡುವ ಗುರುತಿನ ಸಂಖ್ಯೆ, ಅಂದರೆ ಸೋಷಿಯಲ್ ಸೆಕ್ಯುರಿಟಿ ನಂಬರ್ ಇರುವುದಿಲ್ಲ, ಸಾಲ ತೀರಿಸಿದ ದಾಖಲೆಯೂ ಇರುವುದಿಲ್ಲ. ಹಾಗಾಗಿ ಖಾಸಗಿ ಮಾಲೀಕರು ಅಲ್ಲೇ ಸಂಬಳವಿರುವ ಜಾಮೀನುದಾರರನ್ನೋ ಹೆಚ್ಚಿನ ಡಿಪಾಸಿಟ್ಟನ್ನೋ ಕೇಳುತ್ತಾರೆ. ಜಂಟಿ ಕರಾರಿಗೆ ಅಣ್ಣ ಸಹಿ ಹಾಕಿದರೆ ನಿಮ್ಮೊಬ್ಬರಿಗೇ ಹಾಕಿದ ಹಾಗಲ್ಲ. ಅವರು ಮುಖ ನೋಡದ ಮೂವರು ಹುಡುಗಿಯರ ಬಾಕಿಗೂ ಹೊಣೆಯಾಗಬಹುದು. ಸೊಸೈಟಿ ಸಾಲಕ್ಕೆ ಜಾಮೀನು ನಿಂತು ಮಾತು ಬಿಟ್ಟ ಅಣ್ಣತಮ್ಮಂದಿರು ನಿಮ್ಮೂರಲ್ಲೂ ಇದ್ದಾರು. ವಿಶ್ವವಿದ್ಯಾಲಯದವರು ಸಾಮಾನ್ಯವಾಗಿ ಜಾಮೀನು ಕೇಳುವುದಿಲ್ಲ. ನನಗೆ ಕೇಳಿದರೆ ಇದೊಂದೇ ಸಾಕು.

ಹಾಗೆಂದು ವಿಶ್ವವಿದ್ಯಾಲಯದ ಕರಾರಿಗೂ ಓದದೆ ಒಪ್ಪಬೇಡಿ. ಹೌಸಿಂಗ್ ಆಫೀಸಿಗೆ ಇವತ್ತೇ ಮೇಲ್ ಹಾಕಿ. ವೀಸಾ ನಿರಾಕರಣೆಯಾದರೆ ಪತ್ರ ತೋರಿಸಿ ದಂಡವಿಲ್ಲದೆ ರದ್ದು ಮಾಡಬಹುದೇ, ಯಾವ ತಾರೀಖಿನ ಮೇಲೆ ಎಷ್ಟು ಕಡಿತ? ಎಷ್ಟೋ ಕಡೆ ಅವಕಾಶ ಕೊಡುತ್ತಾರೆ, ಆದರೆ ನಿಮಗೆ ಉತ್ತರ ಬರವಣಿಗೆಯಲ್ಲಿ ಬೇಕು. ರೂಮು ಯಾವ ದಿನ ತೆರೆಯುತ್ತದೆ? ವೀಸಾಗಾಗಿ ವಿಶ್ವವಿದ್ಯಾಲಯ ಕೊಡುವ ಐ-20 ಪತ್ರದಲ್ಲಿರುವ ಪ್ರಾರಂಭದ ದಿನಕ್ಕಿಂತ 30 ದಿನ ಮುಂಚೆ ನೀವು ದೇಶದೊಳಗೆ ಹೋಗಬಹುದು, ಆದರೆ ರೂಮು ಅಷ್ಟು ಬೇಗ ತೆರೆಯದಿರಬಹುದು. ಅದು ಗೊತ್ತಾದ ಮೇಲೆ ಟಿಕೆಟ್ ಮಾಡಿಸಿ. ಮೆಸ್ಸಿನ ಪ್ಲಾನ್ ಕಡ್ಡಾಯವೇ? ಆಗಿದ್ದರೆ ನನ್ನ ಲೆಕ್ಕವೆಲ್ಲ ಕೆಡುತ್ತದೆ. ಬಾಡಿಗೆ ತಿಂಗಳು ತಿಂಗಳು ಕಟ್ಟಬೇಕೇ, ಸೆಮಿಸ್ಟರಿನದ್ದು ಒಟ್ಟಿಗೇ? ತೋಟದ ಮನೆಯಲ್ಲಿ ಕುಯ್ಲು ಮುಗಿದು ಕಾಫಿ ಮಾರುವವರೆಗೆ ಕೈಯಲ್ಲಿ ದುಡ್ಡು ಓಡಾಡುವುದಿಲ್ಲ, ಆಗಸ್ಟಿನ ಬಿಲ್ ಬ್ಯಾಂಕು ಬಿಡುಗಡೆ ಮಾಡುವ ಸಾಲದ ಕಂತಿನಿಂದಲೇ ಹೋಗಬೇಕು. ವಿಶ್ವವಿದ್ಯಾಲಯದ ಬಿಲ್ ಇದ್ದರೆ ಬ್ಯಾಂಕಿಗೆ ತೋರಿಸುವುದು ಸುಲಭ. ಬಾಕಿ ಉಳಿಸಿಕೊಂಡರೆ ಮಾತ್ರ ಮುಂದಿನ ಸೆಮಿಸ್ಟರಿನ ನೋಂದಣಿಯನ್ನೇ ತಡೆಹಿಡಿಯಬಹುದು.

ಅಡುಗೆಮನೆಯ ಬಗ್ಗೆ ಒಂದು ಮಾತು, ಎರಡೂ ಕಡೆಗೆ. ಒಲೆಯ ಮೇಲಿನ ಫ್ಯಾನು ಎಷ್ಟೋ ಮನೆಗಳಲ್ಲಿ ಹೊಗೆಯನ್ನು ಹೊರಗೆ ತಳ್ಳುವುದಿಲ್ಲ, ಸೋಸಿ ಒಳಗೇ ಬಿಡುತ್ತದೆ. ಒಣಮೆಣಸಿನಕಾಯಿ ಒಗ್ಗರಣೆಗೆ ಅಲಾರಂ ಹೊಡೆದುಕೊಂಡರೆ ಕಿಟಕಿ ತೆರೆಯಿರಿ, ಅಲಾರಮ್ಮಿಗೆ ಪ್ಲಾಸ್ಟಿಕ್ ಕಟ್ಟಬೇಡಿ. ತಪಾಸಣೆಗೆ ಬಂದವರು ನೋಡಿದರೆ ದಂಡ ಹಾಕುತ್ತಾರೆ. ಕಾರ್ಪೆಟ್ಟಿನ ಮೇಲೆ ಬಿದ್ದ ಅರಿಶಿನ ಡಿಪಾಸಿಟ್ಟಿನಲ್ಲಿ ಕಡಿತವಾಗುತ್ತದೆ. ಒಳಗೆ ಕಾಲಿಟ್ಟ ದಿನವೇ ಗೋಡೆ, ಕಾರ್ಪೆಟ್, ಒಲೆ, ಬಾತ್‌ರೂಮಿನ ಫೋಟೊ ತೆಗೆದು ಆಫೀಸಿಗೆ ಮೇಲ್ ಮಾಡಿಬಿಡಿ.

ಮೊದಲ ವರ್ಷ ವಿಶ್ವವಿದ್ಯಾಲಯದ್ದು. ಬೇಸಿಗೆಯ ಯೋಜನೆ ಗೊತ್ತಾದ ಮೇಲೆ, ಅಲ್ಲಿದ್ದೇ ಓಡಾಡಿ ಎರಡನೆಯ ವರ್ಷಕ್ಕೆ ಹೊರಗೆ ನೋಡಿ. ಆಗ ಒಬ್ಬೊಬ್ಬರಿಗೂ ಬೇರೆ ಬೇರೆ ಕರಾರು ಮಾಡಿಕೊಡುವ ಮನೆಯನ್ನೇ ಕೇಳಿ. ಕ್ಯಾಂಪಸ್ಸಿನಿಂದ ಆ ಮನೆಗೆ ಭಾನುವಾರಗಳಂದು ಕೊನೆಯ ಬಸ್ಸು ಎಷ್ಟು ಗಂಟೆಗೆ ಎಂದು ನೋಡಿ. ‘ಮಾಲೀಕರು ವಿದೇಶದಲ್ಲಿದ್ದಾರೆ, ಡಿಪಾಸಿಟ್ ಕಳಿಸಿ, ಕೀ ಕೊರಿಯರ್ ಮಾಡುತ್ತೇವೆ’ ಎಂದು ಯಾರಾದರೂ ಅಂದರೆ ಅದು ಮೋಸವೇ. ಎಷ್ಟೋ ಕೌಂಟಿಗಳ (ನಮ್ಮ ಜಿಲ್ಲೆಗಳಿದ್ದ ಹಾಗೆ) ಆಸ್ತಿ ದಾಖಲೆ ಆನ್‌ಲೈನಿನಲ್ಲೇ ಸಿಗುತ್ತದೆ, ವಿಳಾಸ ಹಾಕಿ ಮಾಲೀಕನ ಹೆಸರು ತಾಳೆ ಮಾಡಬಹುದು.

ಆ ಮೂವರ ಜೊತೆ ಮನಸ್ತಾಪ ಬೇಡ, ಮುಂದೆ ಒಂದೇ ಊರಲ್ಲಿರುವವರು. ಕಾರಣಗಳ ಉದ್ದ ಪಟ್ಟಿ ಕೊಟ್ಟರೆ ಒಂದೊಂದಕ್ಕೂ ಉತ್ತರ ಹುಡುಕುತ್ತಾರೆ. ಇಷ್ಟು ಬರೆಯಿರಿ: ‘ನನಗೆ ವೀಸಾ ಇನ್ನೂ ಆಗಿಲ್ಲ, ಅಣ್ಣನನ್ನು ಜಾಮೀನು ಕೇಳುವುದಿಲ್ಲ. ನನ್ನ ಜಾಗಕ್ಕೆ ಬೇರೆಯವರನ್ನು ನೋಡಿಕೊಳ್ಳಿ.’ ಶನಿವಾರದವರೆಗೆ ಕಾಯದೆ ಇವತ್ತೇ ಕಳಿಸಿ, ಅವರಿಗೂ ನಾಲ್ಕನೆಯವಳನ್ನು ಹುಡುಕಲು ಸಮಯ ಬೇಕಲ್ಲ.