ಹೊಸಬರು ಬಂದರೆ ಸಂಸತ್ತಿನ ಧೋರಣೆ ಬದಲಾಗುವುದೇ?

ಪ್ರಶ್ನೆ: ಪ್ರತಿ ಚುನಾವಣೆಯಲ್ಲೂ ಹೊಸ ತಲೆಮಾರಿನ ಸದಸ್ಯರು ಆಯ್ಕೆಯಾಗುತ್ತಾರೆ. ಇದರಿಂದ ಸಂಸತ್ತಿನಲ್ಲಿ ಸ್ತ್ರೀವಾದಿ ನಿಲುವುಗಳು ತಾವಾಗಿಯೇ ಬಲಗೊಳ್ಳುತ್ತವೆಯೇ?

ಉತ್ತರ: ತಾವಾಗಿಯೇ ಎಂಬುದನ್ನು ಒಪ್ಪುವುದು ಕಷ್ಟ. ಸಮಾನ ವೇತನ, ಗರ್ಭಪಾತದ ಹಕ್ಕುಗಳ ಚರ್ಚೆ ಕೇಳುತ್ತಲೇ ಬೆಳೆದವರು ಅವನ್ನು ಸಹಜವೆಂದು ಭಾವಿಸಿ ಸದನಕ್ಕೆ ಬರುತ್ತಾರೆ ಎಂಬುದು ನಿಜ; ಆದರೆ ಹೀಗೆ ಬಂದವರ ನಿಲುವು ಮತವಾಗಿ ಪರಿಣಮಿಸಬೇಕಾದರೆ ಅದು ಪಕ್ಷದ ಶಿಸ್ತನ್ನು ದಾಟಬೇಕಾಗುತ್ತದೆ.

ಬ್ರಿಟನ್ನಿನ 1997ರ ಚುನಾವಣೆಯನ್ನೇ ನೋಡಿ. ಸಂಸತ್ತಿನ ಕೆಳಮನೆಯಾದ ಹೌಸ್ ಆಫ್ ಕಾಮನ್ಸ್‌ನಲ್ಲಿ ಮಹಿಳೆಯರ ಸಂಖ್ಯೆ 60ರಿಂದ 120ಕ್ಕೆ ಏರಿತು, ಅವರಲ್ಲಿ 101 ಮಂದಿ ಲೇಬರ್ ಪಕ್ಷದವರು. ಅದೇ ವರ್ಷದ ಡಿಸೆಂಬರ್‌ನಲ್ಲಿ ಒಂಟಿ ಪೋಷಕರ ಭತ್ಯೆಯನ್ನು ಕಡಿತಗೊಳಿಸುವ ಪ್ರಸ್ತಾವ ಬಂದಾಗ ಲೇಬರ್ ಪಕ್ಷದ 47 ಸದಸ್ಯರು ತಮ್ಮದೇ ಸರ್ಕಾರದ ವಿರುದ್ಧ ಮತ ಹಾಕಿದರಾದರೂ, ಆ ವರ್ಷ ಮೊದಲ ಬಾರಿ ಗೆದ್ದಿದ್ದ ಮಹಿಳೆಯರಲ್ಲಿ ಬಹುತೇಕರು ಸಚೇತಕಾಜ್ಞೆಯನ್ನು, ಅಂದರೆ ಹೀಗೇ ಮತ ಹಾಕಬೇಕೆಂಬ ಪಕ್ಷದ ಆದೇಶವನ್ನು (ವಿಪ್), ಮೀರಲಿಲ್ಲ. ಪತ್ರಿಕೆಗಳು ಅವರನ್ನು ಕಟುವಾಗಿ ಟೀಕಿಸಿದವು. ಅದೇ ಆಜ್ಞೆಯನ್ನು ಪಾಲಿಸಿದ ಪುರುಷರನ್ನು ಅಷ್ಟೇ ನಿಷ್ಠುರವಾಗಿ ಯಾರೂ ಪ್ರಶ್ನಿಸಲಿಲ್ಲ ಎಂಬುದನ್ನೂ ಗಮನಿಸಬೇಕು.

ಹಾಗೆಂದು ಆ ತಲೆಮಾರು ನಿಷ್ಫಲವಾಯಿತೆನ್ನಲಾಗದು. ಮಹಿಳೆಯರಷ್ಟೇ ಇರುವ ಅಭ್ಯರ್ಥಿ ಪಟ್ಟಿಗೆ ಕಾನೂನಿನ ರಕ್ಷಣೆ ನೀಡಿದ 2002ರ ಕಾಯ್ದೆ ಅಂಗೀಕಾರವಾದದ್ದು ಅವರು ಸದನದಲ್ಲಿದ್ದಾಗಲೇ. ನನ್ನ ದೃಷ್ಟಿಯಲ್ಲಿ, ಮತದಾನದ ದಾಖಲೆಗಿಂತ ಸಮಿತಿಗಳಲ್ಲಿ ಎತ್ತುವ ಪ್ರಶ್ನೆಗಳಲ್ಲಿಯೂ ಪಕ್ಷದ ಒಳಗಿನ ಒತ್ತಡದಲ್ಲಿಯೂ ಹೊಸಬರ ಪ್ರಭಾವ ಮೊದಲು ಕಾಣಿಸುತ್ತದೆ. ಅಲ್ಲದೆ, ಒಂದೇ ವಯಸ್ಸಿನ ಇಬ್ಬರು ಸದಸ್ಯರು ಎದುರಾಳಿ ಪಕ್ಷಗಳಲ್ಲಿದ್ದರೆ ಅವರ ನಡುವಿನ ಅಂತರವು ಒಂದೇ ಪಕ್ಷದ ಎರಡು ತಲೆಮಾರುಗಳ ಅಂತರಕ್ಕಿಂತ ಹೆಚ್ಚಾಗಿರುವುದು ಅಪರೂಪವಲ್ಲ.