ಬಿಲ್ಲಿಂಗ್ ಸಾಫ್ಟ್‌ವೇರ್‌ನಿಂದ ಜಿಮೇಲ್ ಮೂಲಕ ಬಿಲ್ ಕಳಿಸಿದರೆ 535 ಎರರ್ ಬರುತ್ತೆ, ಏನು ಮಾಡಲಿ?

ಬ್ರೌಸರ್‌ನಲ್ಲಿ ಲಾಗಿನ್ ಆಗುವ ಅದೇ ಪಾಸ್‌ವರ್ಡ್ ಸಿ ಶಾರ್ಪ್ ಕೋಡ್‌ನಲ್ಲಿ ಕೊಟ್ಟರೆ 535, ಅಂದರೆ ಲಾಗಿನ್ ಒಪ್ಪಲಿಲ್ಲ ಅನ್ನುವ ಎರರ್, ಬರುತ್ತೆ ಅಂದಿದ್ದೀರಿ. ಕೋಡ್ ಸರಿಯಾಗೇ ಇರಬಹುದು. 2022ರ ಮೇ ಕೊನೆಯಿಂದ ಗೂಗಲ್ ಮಾಮೂಲಿ ಪಾಸ್‌ವರ್ಡನ್ನು ಹೊರಗಿನ ಸಾಫ್ಟ್‌ವೇರ್‌ನಿಂದ ಒಪ್ಪುವುದಿಲ್ಲ. ಹಳೇ ವಿಡಿಯೊಗಳಲ್ಲಿ 'ಲೆಸ್ ಸೆಕ್ಯೂರ್ ಆಪ್ಸ್' (ಬರೀ ಪಾಸ್‌ವರ್ಡ್‌ನಿಂದ ಲಾಗಿನ್ ಆಗಲು ಬಿಡುತ್ತಿದ್ದ ಸೆಟ್ಟಿಂಗ್) ಆನ್ ಮಾಡಿ ಅಂತಾರಲ್ಲ, ಅದನ್ನು ಸುಮ್ನೆ ಹುಡುಕಬೇಡಿ, ಆ ದಾರಿ ಮುಚ್ಚಿ ಆಯಿತು.

ಗೂಗಲ್ ಖಾತೆಯಲ್ಲಿ ಟೂ ಸ್ಟೆಪ್ ವೆರಿಫಿಕೇಶನ್ ಆನ್ ಮಾಡಿ, ಆಮೇಲೆ 'ಆಪ್ ಪಾಸ್‌ವರ್ಡ್' ಅಂತ ಹುಡುಕಿ. 16 ಅಕ್ಷರದ ಒಂದು ಪಾಸ್‌ವರ್ಡ್ ಕೊಡುತ್ತದೆ, ಕೋಡ್‌ಗೆ ಅದು ಸಾಕು. ಪೋರ್ಟ್ 587, ಸ್ಟಾರ್ಟ್‌ಟಿಎಲ್ಎಸ್ (ಮಾಮೂಲಿಯಾಗಿ ಶುರುವಾಗಿ ಆಮೇಲೆ ಎನ್‌ಕ್ರಿಪ್ಟ್ ಆಗುವ ಕನೆಕ್ಷನ್) ಹಾಕಿ. 465 ಹಾಕಿದರೆ ಡಾಟ್‌ನೆಟ್ ಜೊತೆ ಬರುವ, ಮೇಲ್ ಕಳಿಸುವ ಎಸ್‌ಎಂಟಿಪಿ ಕ್ಲೈಂಟ್ ಟೈಮ್‌ಔಟ್ ಆಗುವವರೆಗೂ ಸುಮ್ಮನೆ ಕೂತಿರುತ್ತದೆ, ಯಾಕಂದ್ರೆ ಮೊದಲ ಕ್ಷಣದಿಂದಲೇ ಎನ್‌ಕ್ರಿಪ್ಟ್ ಆದ ಕನೆಕ್ಷನ್ ಅದಕ್ಕೆ ಬರುವುದಿಲ್ಲ. ಹೊಸ ಕೋಡ್‌ಗೆ ಆ ಕ್ಲೈಂಟ್ ಬಳಸಬೇಡಿ, ಮೇಲ್‌ಕಿಟ್ ಅನ್ನುವ ಲೈಬ್ರರಿ ತಗೊಳ್ಳಿ ಅಂತ ಮೈಕ್ರೋಸಾಫ್ಟೇ ತನ್ನ ಡಾಕ್ಯುಮೆಂಟೇಶನ್‌ನಲ್ಲಿ ಹೇಳಿದೆ. ನಾನೂ ಅದನ್ನೇ ಹೇಳುವುದು. ಕಳಿಸುವ ಕೆಲಸ ಅಸಿಂಕ್ (ಹಿನ್ನೆಲೆಯಲ್ಲಿ ನಡೆಯುವಂತೆ) ಇರಲಿ, ಇಲ್ಲದಿದ್ದರೆ ಮೇಲ್ ಹೋಗುವ ತನಕ ಕೌಂಟರ್‌ನಲ್ಲಿ ಸ್ಕ್ರೀನ್ ಫ್ರೀಜ್.

ಆದರೆ ನೀವು ಕೇಳದೇ ಬಿಟ್ಟಿದ್ದು ಇದು: ಈ ಸಾಫ್ಟ್‌ವೇರ್ ಎಷ್ಟು ಅಂಗಡಿಗೆ ಹೋಗುತ್ತದೆ?

ಒಂದೇ ಅಂಗಡಿ ಆದರೆ ಚಿಂತೆಯಿಲ್ಲ. ಆಪ್ ಪಾಸ್‌ವರ್ಡನ್ನು ಸೆಟ್ಟಿಂಗ್ಸ್ ಪುಟದಲ್ಲಿ ಮಾಲೀಕರಿಂದಲೇ ಹಾಕಿಸಿ, ಗುಟ್ಟಿನ ಮಾಹಿತಿ ಕಾಪಾಡಲು ವಿಂಡೋಸ್‌ನಲ್ಲೇ ಇರುವ ಡಿಪಿಎಪಿಐ ಬಳಸಿ ಎನ್‌ಕ್ರಿಪ್ಟ್ ಮಾಡಿ ಇಡಿ. ಹತ್ತಾರು ಕಡೆ ಮಾರುವುದಾದರೆ ನಿಮ್ಮ ಸ್ವಂತ ಜಿಮೇಲ್ ಪಾಸ್‌ವರ್ಡನ್ನು ಇಎಕ್ಸ್‌ಇ ಒಳಗೆ ಇಟ್ಟು ಕೊಡಲೇಬೇಡಿ. ಇಎಕ್ಸ್‌ಇಯನ್ನು ಮತ್ತೆ ಕೋಡ್ ಆಗಿ ತೋರಿಸುವ ಐಎಲ್‌ಸ್ಪೈ ಥರದ ಟೂಲ್‌ನಲ್ಲಿ ತೆರೆದರೆ ಅದು ಹಾಗೇ ಕಾಣುತ್ತದೆ, ಮನೆ ಬೀಗದ ಕೈಯನ್ನು ಬಾಗಿಲಿಗೇ ನೇತು ಹಾಕಿದ ಹಾಗೆ. ಜೊತೆಗೆ ಸಾಮಾನ್ಯ ಜಿಮೇಲ್ ಖಾತೆಗೆ ದಿನಕ್ಕೆ 500 ಮೇಲ್‌ಗಳ ಮಿತಿ ಇದೆ, ಎಲ್ಲರ ಬಿಲ್ಲೂ ಅದರಲ್ಲೇ ಹೋದರೆ ಹಬ್ಬದ ಸೀಸನ್‌ನಲ್ಲಿ ಮಧ್ಯಾಹ್ನಕ್ಕೇ ನಿಂತುಬಿಡಬಹುದು.

ಹಾಗಾಗಿ ಒಂದೋ ಪ್ರತಿ ಅಂಗಡಿಯವರೂ ಅವರವರ ಖಾತೆ ಹಾಕಿಕೊಳ್ಳಲಿ, ಇಲ್ಲಾಂದ್ರೆ ಸಾಫ್ಟ್‌ವೇರ್ ನಿಮ್ಮ ಸರ್ವರ್‌ಗೆ ಬಿಲ್ ಕೊಡಲಿ, ಅಲ್ಲಿಂದ ಯಾವುದಾದರೂ ಮೇಲ್ ಸೇವೆಯ ಎಪಿಐ (ಪ್ರೋಗ್ರಾಂಗಳು ಬಳಸುವ ದಾರಿ) ಮೂಲಕ ಹೋಗಲಿ. ನನಗೆ ಎರಡನೆಯದೇ ಇಷ್ಟ, ಪಾಸ್‌ವರ್ಡ್ ಥರದ ಎಪಿಐ ಕೀ ನಿಮ್ಮ ಕೈಯಲ್ಲೇ ಇರುತ್ತದೆ ಅಲ್ವಾ, ಬದಲಿಸಬೇಕಾದರೆ ಒಂದೇ ಕಡೆ ಬದಲಿಸಿದರೆ ಆಯಿತು. ಅಲ್ಲಿ ಫ್ರಮ್ ವಿಳಾಸ ನಿಮ್ಮ ಡೊಮೇನಿನದೇ ಇರಬೇಕು, ಅಂಗಡಿಯ ವಿಳಾಸ ರಿಪ್ಲೈ-ಟು (ಉತ್ತರ ಹೋಗುವ ವಿಳಾಸ) ನಲ್ಲಿ ಇರಲಿ. ಅಂಗಡಿಯ ಜಿಮೇಲ್ ವಿಳಾಸವನ್ನೇ ಫ್ರಮ್‌ನಲ್ಲಿ ಹಾಕಿ ಬೇರೆ ಸರ್ವರ್‌ನಿಂದ ಕಳಿಸಿದರೆ ಸ್ಪ್ಯಾಮ್‌ಗೆ ಬೀಳುವ ಸಾಧ್ಯತೆ ಜಾಸ್ತಿ. ಡೊಮೇನಿಗೆ, ಮೇಲ್ ನಿಜವಾಗಿ ನಿಮ್ಮದೇ ಅಂತ ತೋರಿಸುವ ಎಸ್‌ಪಿಎಫ್, ಡಿಕೆಐಎಂ ದಾಖಲೆ ಹಾಕುವುದನ್ನು ಮರೆಯಬೇಡಿ.

ಇನ್ನೊಂದು, ಕರೆಂಟೋ ನೆಟ್ಟೋ ಹೋದಾಗ ಬಿಲ್ ಕಳೆದುಹೋಗಬಾರದು. ಕಳಿಸಬೇಕಾದ ಮೇಲ್‌ಗಳನ್ನು ಡೇಟಾಬೇಸ್‌ನ ಒಂದು ಟೇಬಲ್‌ನಲ್ಲಿ ಇಟ್ಟು, ಹೋದ ಮೇಲೆ ಟಿಕ್ ಹಾಕಿ. ಎರರ್ ಬರಲಿಲ್ಲ ಅಂದರೆ ಸರ್ವರ್ ತಗೊಂಡಿದೆ ಅಂತ ಅಷ್ಟೇ. ಗಿರಾಕಿ ವಿಳಾಸ ತಪ್ಪಿದ್ದರೆ ಬೌನ್ಸ್ (ಮೇಲ್ ತಲುಪಲಿಲ್ಲ ಅನ್ನುವ ಸೂಚನೆ) ಆಮೇಲೆ ಕಳಿಸಿದ ಖಾತೆಯ ಇನ್‌ಬಾಕ್ಸ್‌ಗೆ ಬರುತ್ತದೆ, ಅದು ಅಂಗಡಿಯದೇ ಖಾತೆ ಆದರೆ ಅದನ್ನು ಆಗಾಗ ತೆರೆದು ನೋಡಲು ಅಂಗಡಿಯವರಿಗೆ ಹೇಳಿ.